ಕಬ್ಬಿಣದ ನೇಗಿಲಿನ ಪರೀಕ್ಷೆ

ಹೊಸ ಉದ್ಯಮವನ್ನು ಹೂಡಬೇಕೆಂದು ಮನಸ್ಸು ಮಾಡಿದವನ ಮುಂದೆ ನಮ್ಮ ನಾಡಿನಲ್ಲಿ ಮೊಟ್ಟಮೊದಲು ಬಂದು ನಿಲ್ಲುವ ಪ್ರಶ್ನೆಯು ಬಂಡವಾಳದ್ದು. ಹಣವನ್ನು ಎಲ್ಲಿಂದ ತರುವುದು ಎಂಬ ಚಿಂತೆಯ ಭರದಲ್ಲಿ, ತಾನು ಮಾಡಹೊರಟ ವಸ್ತುವು ಯಾರಿಗೆ ಬೇಕಾಗಿದೆ, ಬೇಕೆಂದವನಾದರೂ ಅದಕ್ಕಾಗಿ ತನ್ನ ಗಂಟನ್ನು ಬಿಚ್ಚುವನೇ ಎಂಬ ಇನ್ನೊಂದು ಪ್ರಶ್ನೆಯು ಹಿಂದೆ ಬಿದ್ದುಬಿಡುತ್ತದೆ. ಹಣವಿದ್ದೂ ಕೊಳ್ಳುವವರಿಲ್ಲದೆ ಮುಳುಗಿಹೋದ ಉದ್ಯಮಗಳು ಇತಿಹಾಸದಲ್ಲಿ ಅಲ್ಪವಲ್ಲ. ಕೊಳ್ಳುವವನ ಒಪ್ಪಿಗೆಯೆಂಬ ಈ ಪರೀಕ್ಷೆಯು ಎಷ್ಟು ಕಠಿನವಾದುದು, ಅದರಲ್ಲಿ ತೇರ್ಗಡೆಯಾಗಲು ಎಂತಹ ತಾಳ್ಮೆ ಬೇಕು ಎಂಬುದನ್ನು ತಿಳಿಯಲು ದೂರ ದೇಶಕ್ಕೆ ಹೋಗಬೇಕಾಗಿಲ್ಲ. ಬೆಳಗಾವಿಯಲ್ಲಿಯೇ ಆರಂಭವಾದ ಒಂದು ಕಬ್ಬಿಣದ ನೇಗಿಲಿನ ಕಥೆಯು ಅದನ್ನು ಚೆನ್ನಾಗಿ ಹೇಳುತ್ತದೆ.

ಈ ಕಥೆಯ ನಾಯಕರು ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು. ೧೮೬೯ನೆಯ ಇಸವಿ ಜೂನ್ ೨೦ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅವರ ಜನನವಾಯಿತು. ಮನೆಮಾತು ಮರಾಠಿ, ಊರಿನ ಮಾತು ಕನ್ನಡ. ಮರಾಠೀ ಸಂಗೀತ ನಾಟಕದ ಪ್ರವರ್ತಕರೆಂದು ಪ್ರಸಿದ್ಧರಾಗಿ, ೧೮೮೦ರಲ್ಲಿ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು, ಅದೇ ಮನೆತನದವರು. ಒಂದೇ ಮನೆತನದಿಂದ ಒಬ್ಬರು ಹಾಡುವ ರಂಗಭೂಮಿಯನ್ನು ಕೊಟ್ಟರೆ, ಇನ್ನೊಬ್ಬರು ಉಳುವ ನೇಗಿಲನ್ನು ಕೊಟ್ಟರು.

ಲಕ್ಷ್ಮಣರಾಯರಿಗೆ ಶಾಲೆಯ ಪಾಠಕ್ಕಿಂತ ಚಿತ್ರಬರಹದಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಆಸಕ್ತಿ ಹೆಚ್ಚು. ಚಿತ್ರಕಾರನಾಗಬೇಕೆಂಬ ಹಂಬಲದಿಂದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವು ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೇನು? ಆದರೆ ಯಂತ್ರಗಳ ನಕ್ಷೆಯಲ್ಲಿ ಬಣ್ಣಕ್ಕೆ ಕೆಲಸವಿಲ್ಲ, ಗೆರೆಗೆ ಮಾತ್ರ ಕೆಲಸ. ಅವರು ಯಂತ್ರಚಿತ್ರವನ್ನು ಕಲಿತು, ೧೮೮೭ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಿಕ್ಷಣಶಾಲೆಯಲ್ಲಿ ಅದೇ ವಿಷಯದ ಶಿಕ್ಷಕರಾದರು. ಪಾಠದ ಹೊತ್ತು ಕಳೆದ ಮೇಲೆ ಆ ಶಾಲೆಯ ಕಮ್ಮಟವೇ ಅವರ ಮನೆ. ನಕ್ಷೆಯಲ್ಲಿ ಬರೆದ ಯಂತ್ರವು ಕೈಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಅವರು ಕಲಿತುದು ಅಲ್ಲಿಯೇ.

ಆ ಕಾಲಕ್ಕೆ ಬೈಸಿಕಲ್ಲು ಜಗತ್ತಿಗೇ ಹೊಸದು. ಸಮನಾದ ಎರಡು ಚಕ್ರಗಳ, ಸರಪಳಿಯಿಂದ ನಡೆಯುವ ಬೈಸಿಕಲ್ಲು ಇಂಗ್ಲೆಂಡಿನಲ್ಲಿ ರೂಢಿಗೆ ಬಂದುದು ೧೮೮೫ರಲ್ಲಿ. ಗಾಳಿ ತುಂಬಿದ ರಬ್ಬರು ಹಳಿಯನ್ನು ಡನ್‌ಲಪ್ ಎಂಬವನು ಕಂಡುಹಿಡಿದುದು ೧೮೮೮ರಲ್ಲಿ. ಮುಂಬಯಿಯ ಬೀದಿಯಲ್ಲಿ ಈ ವಾಹನವನ್ನು ಕಂಡ ಲಕ್ಷ್ಮಣರಾಯರು ಅದನ್ನು ಬೆಳಗಾವಿಯಲ್ಲಿದ್ದ ಅಣ್ಣ ರಾಮಣ್ಣನವರಿಗೆ ಕಳುಹಿಸಿಕೊಡಲು ಮೊದಲುಮಾಡಿದರು. ರಾಮಣ್ಣನವರು ಅವುಗಳನ್ನು ಮಾರುವುದಲ್ಲದೆ, ಕೊಂಡವರಿಗೆ ಹತ್ತಿ ನಡೆಸುವುದನ್ನೂ ಕಲಿಸುತ್ತಿದ್ದರು. 'ಕಿರ್ಲೋಸ್ಕರ ಬಂಧುಗಳು' ಎಂಬ ಹೆಸರಿನ ಆ ಅಂಗಡಿಯ ಹುಟ್ಟು ೧೮೮೮ನೆಯ ಇಸವಿಯದೆಂದು ಪ್ರತೀತಿ. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ ರಸ್ತೆಯೆಂಬ ಹೆಸರು ಉಳಿದುಬಂದಿದೆ.

ಈ ಮೊದಲನೆಯ ವ್ಯವಹಾರವನ್ನು ಸಣ್ಣದೆಂದು ಕಡೆಗಣಿಸಲಾಗದು. ಅದರಲ್ಲಿ ತಮ್ಮನ ಸಂಬಳದ ಕೆಲಸವು ಬಿಟ್ಟುಹೋಗಲಿಲ್ಲ, ಕಾರಖಾನೆಯನ್ನು ಕಟ್ಟಬೇಕಾಗಲಿಲ್ಲ, ಇತರರು ಮಾಡಿದ ವಸ್ತುವನ್ನು ತಂದು ಮಾರಿದ್ದಷ್ಟೆ. ಮಾರುವವನಿಗೆ ಮಾತ್ರ ತಿಳಿಯುವ ಸಂಗತಿಗಳು ಅದರಿಂದ ತಿಳಿದವು. ಹೊಸ ವಸ್ತುವನ್ನು ಕಂಡು ಬೆರಗಾಗುವವರು ಹಲವರು, ಕೊಳ್ಳುವವರು ಕೆಲವರು. ಕೊಂಡವನಿಗೆ ಅದನ್ನು ಬಳಸಲು ಕಲಿಸದಿದ್ದರೆ ಎರಡನೆಯ ಗಿರಾಕಿ ಬರುವುದಿಲ್ಲ. ಕೆಟ್ಟಾಗ ದುರಸ್ತಿ ಮಾಡಿಕೊಡುವವನಿಲ್ಲದಿದ್ದರೆ ವಸ್ತುವಿಗೆ ಹೆಸರಿಲ್ಲ. ಹಾಸಿಗೆಯಿದ್ದಷ್ಟೇ ಕಾಲು ಚಾಚಿ ಪಡೆದ ಈ ಪಾಠಗಳಲ್ಲಿ ಯಾವುದೂ ಮುಂದೆ ವ್ಯರ್ಥವಾಗುವಂತಹುದಾಗಿರಲಿಲ್ಲ.

ಶಿಕ್ಷಕರಾಗಿ ಕೆಲವು ವರ್ಷಗಳು ಕಳೆದ ಮೇಲೆ ಲಕ್ಷ್ಮಣರಾಯರಿಗೆ ಬರಬೇಕಾಗಿದ್ದ ಬಡತಿಯು ಬೇರೊಬ್ಬರ ಪಾಲಾಯಿತು. ಅವರು ಕೆಲಸಕ್ಕೆ ರಾಜೀನಾಮೆಯನ್ನಿತ್ತು ಬೆಳಗಾವಿಗೆ ಮರಳಿದರು. ಅಂದಿನ ದಿನಗಳಲ್ಲಿ ಸರಕಾರೀ ಮರ್ಯಾದೆಯುಳ್ಳ ಸಂಬಳದ ಕೆಲಸವನ್ನು ಬಿಟ್ಟು ಕಮ್ಮಾರನ ಕುಲುಮೆಯ ಕೆಲಸಕ್ಕೆ ಕೈಹಾಕುವುದೆಂದರೆ, ಓದಿದ ಮನೆತನಗಳಲ್ಲಿ ಅದನ್ನು ಅವಿವೇಕವೆಂದೇ ಎಣಿಸುತ್ತಿದ್ದರು. ಇನ್ನು ಮೇಲೆ ತಪ್ಪಿದರೆ ಹಿಂದಿರುಗುವ ದಾರಿಯಿರಲಿಲ್ಲ. ಬೈಸಿಕಲ್ಲನ್ನು ಕೊಳ್ಳಬಲ್ಲ ಅಧಿಕಾರಿಗಳೂ ವಕೀಲರೂ ಒಂದು ಊರಿನಲ್ಲಿ ಎಷ್ಟು ಜನರಿರುವರು? ನಾಡಿನ ಬಹುಜನಕ್ಕೆ ಬೇಕಾದುದನ್ನು ಮಾಡದೆ ಕಾರಖಾನೆಯು ನಿಲ್ಲಲಾರದು. ಆ ಬಹುಜನರು ಒಕ್ಕಲಿಗರು. ಹೀಗೆ ಅಣ್ಣತಮ್ಮಂದಿರ ದೃಷ್ಟಿಯು ಬೀದಿಯಿಂದ ಹೊಲದ ಕಡೆಗೆ ತಿರುಗಿತು.

ಮೊದಲು ಅವರು ಮಾಡಿದುದು ಮೇವು ಕತ್ತರಿಸುವ ಯಂತ್ರ. ಎರೆನಾಡಿನಲ್ಲಿ ಜೋಳವೇ ಜೀವನ. ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ. ಇಡೀ ಕಣಿಕೆಯನ್ನು ಮುಂದೆ ಹಾಕಿದರೆ ದನವು ಎಲೆಯನ್ನೂ ತುದಿಯನ್ನೂ ತಿಂದು ದಪ್ಪ ಬುಡವನ್ನು ಕಾಲಡಿ ತುಳಿದು ಕೆಡಿಸುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬುಡವೂ ಹೊಟ್ಟೆಗೆ ಹೋಗುತ್ತದೆ. ಬಣಿವೆಯು ಹೆಚ್ಚು ದಿನ ಬಾಳುತ್ತದೆ. ೧೮೯೬–೯೭ರಲ್ಲಿಯೂ, ಮತ್ತೆ ೧೮೯೯–೧೯೦೦ರಲ್ಲಿಯೂ ಮುಂಬಯಿ ಇಲಾಖೆಯು ಘೋರ ಬರಗಾಲಕ್ಕೆ ತುತ್ತಾಗಿ, ಮೇವಿಲ್ಲದೆ ದನಕರುಗಳು ಸತ್ತುದನ್ನು ಕಣ್ಣಾರೆ ಕಂಡಿದ್ದ ಜನರಿಗೆ ಒಂದು ಹೊರೆ ಕಣಿಕೆಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿರಲಿಲ್ಲ. ಯಂತ್ರದ ಲಾಭವೂ ಅಂದಂದೇ ಕಾಣುವಂತಹುದು: ಬೆಳಿಗ್ಗೆ ಕತ್ತರಿಸಿ ಹಾಕಿದರೆ ಸಂಜೆಗೆ ಗೋದಲೆ ಬರಿದಾಗಿರುತ್ತದೆ.

ಅನಂತರ ನೇಗಿಲಿನ ಸರದಿ ಬಂದಿತು. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ರ್‍ಯಾನ್ಸಮ್ ಎಂಬ ಮನೆತನದ ಕಾರಖಾನೆಯು ನೇಗಿಲುಗಳಿಗಾಗಿ ಲೋಕಪ್ರಸಿದ್ಧವಾಗಿತ್ತು. ೧೮೦೩ರಲ್ಲಿ ರಾಬರ್ಟ್ ರ್‍ಯಾನ್ಸಮನು ಎರಕದ ಕುಳದ ಅಡಿಮೈಯನ್ನು ಥಟ್ಟನೆ ತಣಿಸಿ ಗಟ್ಟಿಮಾಡುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಗಟ್ಟಿಯಾದ ಅಡಿಮೈ ಸವೆಯುವುದು ನಿಧಾನ, ಮೆತ್ತನೆಯ ಮೇಲ್ಮೈ ಸವೆಯುವುದು ಬೇಗ. ಆದುದರಿಂದ ಉಳುತ್ತ ಉಳುತ್ತ ಕುಳವು ತಾನಾಗಿಯೇ ಹರಿತವಾಗುತ್ತದೆ. ಇಂತಹ ವಿದೇಶೀ ನೇಗಿಲಿಗೆ ಸಮನಾದುದನ್ನು ಈ ನಾಡಿನಲ್ಲಿಯೇ, ಈ ನಾಡಿನ ಎತ್ತುಗಳಿಗೆ ಹೊಂದುವಂತೆ, ಕಡಮೆ ಬೆಲೆಗೆ ಮಾಡಬಹುದೆಂಬುದು ಕಿರ್ಲೋಸ್ಕರರ ನಂಬಿಕೆ. ಮರದ ರಂಟೆಯು ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲು ಹೆಂಟೆಯನ್ನು ಬುಡಮೇಲು ಮಾಡಿ, ಕರಿಕೆಯ ಬೇರುಗಳನ್ನು ಬಿಸಿಲಿಗೆ ಒಡ್ಡುತ್ತದೆ. ಕರಿಕೆ ಹಬ್ಬಿದ ಎರೆಹೊಲವನ್ನು ಹಿರಿಯ ಮರದ ನೇಗಿಲಿನಿಂದ ಆಳವಾಗಿ ಉಳಬೇಕಾದರೆ ನಾಲ್ಕಾರು ಜೋಡಿ ಎತ್ತುಗಳನ್ನು ಹೂಡಬೇಕು. ಕಬ್ಬಿಣದ ನೇಗಿಲಿಗೆ ಅಷ್ಟು ಬೇಕಿಲ್ಲ. ಕಾಗದದ ಮೇಲೆ ಈ ಲೆಕ್ಕದಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ನೇಗಿಲುಗಳು ಸಿದ್ಧವಾದವು. ಆದರೆ ಕೊಳ್ಳಲು ಒಬ್ಬನೂ ಬರಲಿಲ್ಲ. ಕಬ್ಬಿಣವು ನೆಲಕ್ಕೆ ವಿಷ, ಅದರಿಂದ ಉತ್ತರೆ ಹೊಲವು ಬರಡಾಗುವುದು ಎಂಬುದು ಒಕ್ಕಲಿಗರ ಮಾತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವು. ಆ ಎರಡು ವರ್ಷಗಳ ಭಾರವೆಷ್ಟೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಂಬಳವಿಲ್ಲ; ಕೂಡಿಟ್ಟ ಹಣವು ಕಬ್ಬಿಣವಾಗಿ ಕಮ್ಮಟದಲ್ಲಿ ಬಿದ್ದಿದೆ; ಕೆಲಸವನ್ನು ಬಿಟ್ಟುಬಂದುದು ತಪ್ಪೆಂದು ಹೇಳಿದವರ ಮಾತು ನಿಜವಾಗುವಂತೆ ತೋರುತ್ತಿದೆ.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ರೈತನ ಮೂಢನಂಬಿಕೆಯನ್ನು ಕುರಿತು ಒಂದು ಮಾತನ್ನಾಡಿ ಮುಂದೆ ಸಾಗುವರು. ಆದರೆ ಆ ನಂಬಿಕೆಯು ನಮ್ಮ ಒಕ್ಕಲಿಗನದಷ್ಟೇ ಅಲ್ಲ. ೧೭೯೭ರಲ್ಲಿ ಅಮೆರಿಕೆಯ ನ್ಯೂಜರ್ಸಿ ಪ್ರಾಂತದ ಚಾರ್ಲ್ಸ್ ನ್ಯೂಬೋಲ್ಡ್ ಎಂಬವನು ಎರಕದ ಕಬ್ಬಿಣದ ನೇಗಿಲಿಗೆ ಹಕ್ಕುಪತ್ರವನ್ನು ಪಡೆದಾಗ, ಅಲ್ಲಿಯ ರೈತರೂ ಕಬ್ಬಿಣವು ನೆಲವನ್ನು ಕೆಡಿಸುವುದು, ಕಳೆಯನ್ನು ಹೆಚ್ಚಿಸುವುದು ಎಂದೇ ಹೇಳಿದರು. ನ್ಯೂಬೋಲ್ಡನ ಉದ್ಯಮವು ನೆಲಕಚ್ಚಿತು. ಇಪ್ಪತ್ತೆರಡು ವರ್ಷಗಳ ಬಳಿಕ, ೧೮೧೯ರಲ್ಲಿ, ಜೆತ್ರೋ ವುಡ್ ಎಂಬ ನ್ಯೂಯಾರ್ಕ್ ಪ್ರಾಂತದ ರೈತನು ಇನ್ನೊಂದು ಎರಕದ ನೇಗಿಲನ್ನು ತಂದನು. ಅದು ದೇಶದಲ್ಲೆಲ್ಲ ಹರಡಿತು. ಲೋಹವು ಅದೇ ಎರಕದ ಕಬ್ಬಿಣ. ಆದರೆ ನ್ಯೂಬೋಲ್ಡನ ನೇಗಿಲು ಇಡಿಯಾಗಿ ಒಂದೇ ಎರಕದ್ದು. ಮೂತಿ ಮುರಿದರೆ ನೇಗಿಲೆಲ್ಲ ವ್ಯರ್ಥ. ವುಡ್ಡನ ನೇಗಿಲಿನ ಭಾಗಗಳು ಬೇರೆಬೇರೆ. ಸವೆದುದನ್ನು ತೆಗೆದು ಹೊಸದನ್ನು ಕೂಡಿಸಿದರೆ ಸಾಕು. ವಿಷವೆಂಬ ಮಾತಿನ ಹಿಂದೆ ನಷ್ಟದ ಭಯವೂ ಅಡಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ನಮ್ಮ ಒಕ್ಕಲಿಗನ ಅನುಮಾನಕ್ಕೂ ಅಂತಹ ಕಾರಣಗಳಿದ್ದವು. ಮರದ ರಂಟೆಯನ್ನು ಊರ ಬಡಿಗನು ಮಾಡಿಕೊಡುತ್ತಿದ್ದನು. ಕುಳವನ್ನು ಊರ ಕಮ್ಮಾರನು ಬಡಿದುಕೊಡುತ್ತಿದ್ದನು. ಇಬ್ಬರಿಗೂ ಸುಗ್ಗಿಯಲ್ಲಿ ಕಣದಿಂದಲೇ ಆಯದ ಕಾಳು ಸಲ್ಲುತ್ತಿತ್ತು. ಕಬ್ಬಿಣದ ನೇಗಿಲಿಗೆ ರೊಕ್ಕವನ್ನೇ ಎಣಿಸಬೇಕು. ಮುರಿದರೆ ಊರಿನಲ್ಲಿ ಕಟ್ಟಿಕೊಡುವವರಿಲ್ಲ. ಎರೆಹೊಲವನ್ನು ಪ್ರತಿವರ್ಷವೂ ಉಳುವ ಪದ್ಧತಿ ಎಲ್ಲೆಡೆಯೂ ಇರಲಿಲ್ಲ. ಹಲವು ವರ್ಷ ಕುಂಟೆಯಿಂದ ಹರಗಿಯೇ ಕೂರಿಗೆಯಿಂದ ಬಿತ್ತುತ್ತಿದ್ದರು. ಕೆಲವು ವರ್ಷಗಳಿಗೊಮ್ಮೆ ಬೇಕಾಗುವ ಸಾಧನಕ್ಕೆ ಇಂದೇ ಹಣ ತೆರಬೇಕೆಂದರೆ ಯಾರು ತಾನೆ ಹಿಂದೆ ಮುಂದೆ ನೋಡದಿರುವರು? ಮೇಲಾಗಿ, ಅಳತೆಯಿಲ್ಲದೆ ಆಳವಾಗಿ ಮಗುಚಿದರೆ ಅಡಿಯ ಹಸಿಮಣ್ಣು ಮೇಲೆ ಬಂದು ಒಂದೆರಡು ಬೆಳೆ ಸೊರಗುವುದೂ, ಮಳೆ ಕಡಮೆಯಾದ ಸೀಮೆಯಲ್ಲಿ ನೆಲದ ತೇವವು ಆರಿಹೋಗುವುದೂ ಉಂಟು. ಕಬ್ಬಿಣದಲ್ಲಿ ವಿಷವಿರಲಿಲ್ಲ; ಆದರೆ ಅದರ ಬಳಕೆಯಲ್ಲಿ ಅಪಾಯವಿತ್ತು.

ಈ ಮಾತನ್ನು ಪರದೇಶದ ಪಂಡಿತನೊಬ್ಬನೂ ಕಂಡುಕೊಂಡಿದ್ದನು. ಹಿಂದುಸ್ಥಾನದ ಬೇಸಾಯವನ್ನು ಪರೀಕ್ಷಿಸಲು ೧೮೮೯ರಲ್ಲಿ ಇಂಗ್ಲೆಂಡಿನಿಂದ ಬಂದ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರನು ದೇಶವನ್ನೆಲ್ಲ ಸುತ್ತಿ ೧೮೯೩ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಇಲ್ಲಿಯ ರೈತನು ಬೇಸಾಯವನ್ನು ಅರಿಯದವನೆಂಬ ಮಾತು ಸಲ್ಲದೆಂದೂ, ಬೆಲೆ ತೂಕ ದುರಸ್ತಿಗಳನ್ನು ಲೆಕ್ಕಿಸದೆ ತಂದ ವಿದೇಶೀ ನೇಗಿಲುಗಳನ್ನು ಅವನು ಒಲ್ಲೆನೆನ್ನುವುದಕ್ಕೆ ಆಧಾರವಿದೆಯೆಂದೂ ಅವನ ಅಭಿಪ್ರಾಯ. ಹಳ್ಳಿಯವನಲ್ಲಿ ಹಣದ ಬಲವು ಕಡಮೆ. ಒಂದು ಬೆಳೆ ಕೈಕೊಟ್ಟರೆ ಸಾಲಕ್ಕೆ ಹೋಗಬೇಕಾದವನು ಹೊಸತನ್ನು ಪರೀಕ್ಷಿಸಿ ನೋಡುವ ಖರ್ಚನ್ನು ತಾನು ಹೊರಲಾರನು. ಆ ಖರ್ಚನ್ನು ಹೊರಬೇಕಾದವನು ಮಾಡಿ ಮಾರುವವನೇ.

ಕಿರ್ಲೋಸ್ಕರರ ಹೆಚ್ಚಳವು ಇಲ್ಲಿದೆ. ಎರಡು ವರ್ಷಗಳ ನಿರಾಕರಣೆಯಿಂದ ಅವರು ನೇಗಿಲನ್ನು ಕೈಬಿಡಲಿಲ್ಲ; ಒಕ್ಕಲಿಗನನ್ನೂ ಕೈಬಿಡಲಿಲ್ಲ. ಮೇವಿನ ಯಂತ್ರ ಮೊದಲಾದ ಇತರ ಕೆಲಸಗಳಿಂದ ಕಮ್ಮಟದ ಬೆಂಕಿಯನ್ನು ಆರಗೊಡದೆ ಕಾದರು. ಇಂತಹ ವಸ್ತುವಿಗೆ ಮೊದಲನೆಯ ಮಾರಾಟವು ಲಾಭದ ದೃಷ್ಟಿಯಿಂದ ಏನೂ ಅಲ್ಲ. ಸಾಕ್ಷಿಯ ದೃಷ್ಟಿಯಿಂದ ಅದೇ ಸರ್ವಸ್ವ. ಒಬ್ಬನ ಹೊಲದಲ್ಲಿ ಹೊಸ ನೇಗಿಲು ನಡೆಯುವಾಗ ನೆರೆಯವನು ಬದುವಿನ ಮೇಲೆ ನಿಂತು ನೋಡುತ್ತಾನೆ. ಮುಂದಿನ ಸುಗ್ಗಿಯಲ್ಲಿ ಆ ಹೊಲದ ರಾಶಿಯನ್ನೂ ನೋಡುತ್ತಾನೆ. ನೂರು ಉಪನ್ಯಾಸಗಳಿಂದ ಆಗದ ಕೆಲಸವು ಆ ಒಂದು ರಾಶಿಯಿಂದ ಆಗುತ್ತದೆ. ಆದರೆ ಅದಕ್ಕೆ ಒಂದು ವರ್ಷ ಕಾಯಬೇಕು. ಬೇಸಾಯದ ಸಾಧನಗಳ ಪರೀಕ್ಷೆಯು ಋತುಚಕ್ರದ ವೇಗದಲ್ಲಿಯೇ ನಡೆಯುವುದು, ಅವಸರಕ್ಕೆ ಅಲ್ಲಿ ಎಡೆಯಿಲ್ಲ.

ನೇಗಿಲಿಗೆ ಗಿರಾಕಿಗಳು ದೊರೆಯತೊಡಗಿದ ಹೊತ್ತಿಗೆ ಬೇರೊಂದು ಸಂಕಟವು ಒದಗಿತು. ಕಮ್ಮಟವಿದ್ದ ಜಾಗವು ಊರಿನ ಹೊಸ ಬಡಾವಣೆಗೆ ಬೇಕೆಂದು ಪುರಸಭೆಯಿಂದ ತೆರವಿನ ಸೂಚನೆ ಬಂದಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ೧೯೦೯ರಲ್ಲಿ ಗಾದಿಗೆ ಬಂದ ಅವರು ಸ್ವತಃ ಚಿತ್ರಕಾರರು. ಬಿಜಾಪುರ ಸೀಮೆಯ ಗುಣದಾಳವೂ ಅವರ ಆಳಿಕೆಗೆ ಸೇರಿದ್ದುದರಿಂದ ಕನ್ನಡ ಒಕ್ಕಲಿಗರು ಅವರ ಪ್ರಜೆಗಳಲ್ಲಿ ಇದ್ದರು. ಕುಂಡಲ ರೋಡ್ ಎಂಬ ರೈಲುನಿಲ್ದಾಣದ ಬಳಿಯ ೩೨ ಎಕರೆ ನೆಲವನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಅವರು ಕೊಟ್ಟರು. ಡಬ್ಬುಗಳ್ಳಿ ಬೆಳೆದು ಹಾವುಗಳಿಗೆ ನೆಲೆಯಾಗಿದ್ದ ಆ ಬಂಜರಿನಲ್ಲಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿಯು ತಲೆಯೆತ್ತಿತು. ಬೆಳಗಾವಿಯಿಂದ ಲಕ್ಷ್ಮಣರಾಯರನ್ನು ಹಿಂಬಾಲಿಸಿ ಬಂದ ಕೆಲಸಗಾರರ ಕುಟುಂಬಗಳೇ ಅದರ ಮೊದಲ ನಿವಾಸಿಗಳು. ಗಮನಿಸಬೇಕಾದುದೆಂದರೆ, ಬಂಡವಾಳವು ಬಂದುದು ಪರೀಕ್ಷೆಯ ಅನಂತರ. ಮಾರಾಟವಾಗದ ನೇಗಿಲನ್ನು ತೋರಿಸಿ ಸಾಲ ಬೇಡುವ ಪ್ರಸಂಗವು ಅವರಿಗೆ ಬರಲಿಲ್ಲ.

೧೯೧೪ರಲ್ಲಿ ಮಹಾಯುದ್ಧವು ಪ್ರಾರಂಭವಾಯಿತು. ಹಡಗುಗಳು ಯುದ್ಧಕ್ಕೆ ಸಲ್ಲಲು, ವಿದೇಶೀ ನೇಗಿಲುಗಳ ಆಮದು ಕುಗ್ಗಿ ಸ್ವದೇಶೀ ನೇಗಿಲಿಗೆ ಬೇಡಿಕೆ ಏರಿತು. ಕಬ್ಬಿಣವೂ ಕಲ್ಲಿದ್ದಲೂ ದೊರೆಯದಾದಾಗ ಕೊಲ್ಲಾಪುರದ ಶಾಹು ಮಹಾರಾಜರು ತಮ್ಮ ಹಳೆಯ ಫಿರಂಗಿಗಳನ್ನು ಕೊಟ್ಟರು; ಅವು ಕರಗಿ ನೇಗಿಲುಗಳಾದವು. ಕಿರ್ಲೋಸ್ಕರರ ಏಳಿಗೆಗೆ ಯುದ್ಧದ ಅದೃಷ್ಟವೇ ಕಾರಣವೆಂದು ಹೇಳುವವರುಂಟು. ಅದು ಅರ್ಧ ಸತ್ಯ. ಯುದ್ಧವು ಅಂಗಡಿಗಳನ್ನು ಬರಿದುಮಾಡಿತು ನಿಜ. ಆದರೆ ಬರಿದಾದ ಎಡೆಯನ್ನು ತುಂಬಲು ರೈತನು ಒಮ್ಮೆ ಒಪ್ಪಿದ ನೇಗಿಲು ಅಷ್ಟರಲ್ಲಿ ಸಿದ್ಧವಾಗಿರಬೇಕಿತ್ತು. ೧೯೧೪ರಲ್ಲಿ ಆಲೋಚಿಸಲು ಕುಳಿತವನಿಗೆ ಯುದ್ಧವು ಮುಗಿಯುವವರೆಗೂ ಫಲ ದೊರೆಯುತ್ತಿರಲಿಲ್ಲ. ಶಾಂತಿಯಾಗಿ ವಿದೇಶೀ ಸರಕು ಮತ್ತೆ ಬಂದ ಮೇಲೆಯೂ ಕಾರಖಾನೆಯು ಉಳಿದುದು ಅದೃಷ್ಟದ ಮಾತಲ್ಲ.

೧೯೨೦ರಲ್ಲಿ ಆ ಉದ್ಯಮವು ಪಾಲುಗಾರರ ಕಂಪನಿಯಾಯಿತು. ಅದೇ ವರ್ಷ ಮನೆತನದ ಶಂಕರರಾಯರು ಕಾರಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ತಿಳಿಸಲೆಂದು 'ಕಿರ್ಲೋಸ್ಕರ ಖಬರ್' ಎಂಬ ಪತ್ರಿಕೆಯನ್ನು ತೆಗೆದರು. ನೇಗಿಲಿನ ಜಾಹೀರಾತಿಗಾಗಿ ಹುಟ್ಟಿದ ಅದು ಬೆಳೆದು 'ಕಿರ್ಲೋಸ್ಕರ' ಎಂಬ ಮರಾಠಿಯ ಪ್ರಸಿದ್ಧ ಮಾಸಪತ್ರಿಕೆಯಾಯಿತು. ೧೯೩೦ರಲ್ಲಿ ಅದಕ್ಕೆ 'ಸ್ತ್ರೀ' ಎಂಬ ತಂಗಿಯೂ ಹುಟ್ಟಿದಳು. ನೇಗಿಲಿನಿಂದ ಕಬ್ಬಿನ ಗಾಣಕ್ಕೂ, ಅಲ್ಲಿಂದ ನೀರೆತ್ತುವ ಪಂಪಿಗೂ ಕಾರಖಾನೆಯ ಕೆಲಸವು ವಿಸ್ತರಿಸಿತು. ೧೯೪೧ರಲ್ಲಿ ಮೈಸೂರು ಸೀಮೆಯ ಹರಿಹರದಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ 'ಮೈಸೂರು ಕಿರ್ಲೋಸ್ಕರ' ಸ್ಥಾಪಿತವಾಯಿತು. ಅದು ಹಲವು ದಶಕಗಳ ಕಾಲ ನಡೆದು ಆಮೇಲೆ ಮುಚ್ಚಿತು. ಗುರ್ಲಹೊಸೂರಿನಿಂದ ಹೊರಟವರ ಉದ್ಯಮವು ಹೀಗೆ ಒಮ್ಮೆ ತುಂಗಭದ್ರೆಯ ದಡದ ಕನ್ನಡಿಗರಿಗೂ ಅನ್ನವನ್ನಿತ್ತಿತು. ಲಕ್ಷ್ಮಣರಾಯರು ೧೯೫೬ರ ಸೆಪ್ಟೆಂಬರ್ ೨೬ರಂದು ತೀರಿಕೊಂಡರು. ೧೯೬೯ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಇಂದು ಎರೆನಾಡಿನ ಹೊಲಗಳಲ್ಲಿ ಟ್ರ್ಯಾಕ್ಟರು ಉಳುತ್ತಿದೆ. ಕಬ್ಬಿಣದ ನೇಗಿಲು ಅನೇಕ ಮನೆಗಳ ಹಿತ್ತಿಲಲ್ಲಿ ಒರಗಿ ನಿಂತಿದೆ. ಅದನ್ನು ಮಾಡಿದವರು ಪಟ್ಟ ಪಾಡು ಮಾತ್ರ ಹಳೆಯದಾಗಿಲ್ಲ. ಹೊಸ ಉದ್ಯಮವನ್ನು ಹೂಡಬಯಸುವ ತರುಣರು ಇಂದಿಗೂ ತಮ್ಮ ಬುದ್ಧಿಯಲ್ಲಿ ಹುಟ್ಟಿದ ವಸ್ತುವು ಲೋಕಕ್ಕೆ ಬೇಕೇ ಬೇಕೆಂದು ನಂಬುತ್ತಾರೆ. ಲೋಕವು ಒಲ್ಲೆನೆಂದಾಗ ಲೋಕವನ್ನು ಮೂಢವೆನ್ನುತ್ತಾರೆ. ಆ ನಿರಾಕರಣೆಯಲ್ಲಿ ಬೆಲೆಯ ಮಾತೆಷ್ಟು, ದುರಸ್ತಿಯ ಮಾತೆಷ್ಟು, ಭಯವೆಷ್ಟು, ತಮ್ಮ ವಸ್ತುವಿನ ದೋಷವೆಷ್ಟು ಎಂದು ಬಿಡಿಸಿ ನೋಡುವವರು ವಿರಳ. ಮನೆಯ ಹಿರಿಯರಾದರೋ, ಎರಡು ವರ್ಷ ಗಿರಾಕಿಯಿಲ್ಲದೆ ಕುಳಿತ ಮಗನನ್ನು ಕಂಡು ಸಂಬಳದ ಕೆಲಸವನ್ನೇ ಹಿಡಿಯೆಂದು ಹೇಳುವರು. ಹಾಗೆ ಹೇಳುವುದು ಪ್ರೀತಿಯಿಂದಲೇ. ಎರಡು ಕಡೆಯವರೂ ಬೆಳಗಾವಿಯ ಆ ಕಮ್ಮಟದಲ್ಲಿ ಮಾರಾಟವಾಗದೆ ಬಿದ್ದಿದ್ದ ನೇಗಿಲುಗಳನ್ನು ಒಮ್ಮೆ ನೆನೆದರೆ ಲೇಸು.